ಆಂಪ್ ಬದಲಿಸೋ ಮುಂಚೆ ಬಾಕ್ಸ್ ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಬೇಸ್ ಬಾರಿಸುವ ದೊಡ್ಡ ಸ್ಪೀಕರಾದ ವೂಫರ್‌ದ್ದೇ. ಮಳೆ ಮುಗಿದು, ಯಾರ ಕಾರಿನ ಸದ್ದು ಜೋರು ಅಂತ ಅಳೆಯುವ ಸ್ಪರ್ಧೆಗಳು ಶುರುವಾಗುವ ಹೊತ್ತು, ಅದಕ್ಕೇ ಇರಬೇಕು. ಏಸಿ, ಮೈಲೇಜ್, ವೈಪರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡ್ತೀನಿ. ನಾನು ಇಂಜಿನಿಯರ್ ಅಲ್ಲ. ಬೆಟಗೇರಿಯಲ್ಲಿ ಅಪ್ಪನ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತುತ್ತಾ ಬೆಳೆದವನು. ಈಗ 26 ವರ್ಷದಿಂದ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುತ್ತಿದ್ದೀನಿ.

ಪ್ರಶ್ನೆ: ಸರ್, ನಂದು ಹಳೇ ಸ್ವಿಫ್ಟ್. 12 ಇಂಚಿನ ಎರಡು ವೂಫರ್ ಇವೆ. ಒಂದೊಂದಕ್ಕೂ ಎರಡು ಕಾಯಿಲ್ (ಒಳಗಿನ ತಂತಿ ಸುರುಳಿ), ಪ್ರತಿ ಕಾಯಿಲ್ 4 ಓಮ್. ಆಂಪ್ (ಆಂಪ್ಲಿಫೈಯರ್) ಮೇಲೆ 3000 ವ್ಯಾಟ್ ಅಂತ ಬರೆದಿದೆ. ಬಾಕ್ಸ್ ರೆಡಿಮೇಡ್ ತಂದದ್ದು. ಕಳೆದ ತಿಂಗಳು ಒಂದು ಸ್ಪರ್ಧೆಯಲ್ಲಿ 138.4 ಡೆಸಿಬಲ್ ಬಂತು. ಒಂದೇ ವೂಫರ್ ಹಾಕಿದ್ದ ಗೆಳೆಯನಿಗೆ 141! ಅಂಗಡಿಯವರು 5000 ವ್ಯಾಟಿನ ಆಂಪ್ ಹಾಕಿಸು ಅಂತಾರೆ. ಹಾಕಿಸಲಾ? ಫೋಟೊ ಕಳಿಸಿದ್ದೀನಿ.
– ಓದುಗ, ಉಣಕಲ್, ಹುಬ್ಬಳ್ಳಿ

ಉತ್ತರ: ಬೇಡ ತಮ್ಮಾ. ದುಡ್ಡು ಜೇಬಲ್ಲೇ ಇರಲಿ.

ಮೊದಲು ಆಂಪಿನ ಪಕ್ಕದ ಫ್ಯೂಸ್ ಎಣಿಸು. ಫೋಟೊದಲ್ಲಿ ಮೂರು ಕಾಣ್ತಿವೆ, ಒಂದೊಂದು 30 ಆಂಪಿಯರ್. ಒಟ್ಟು 90. ಬ್ಯಾಟರಿ 12.5 ವೋಲ್ಟ್ ಹಿಡಿದರೆ ಒಳಗೆ ಹೋಗೋದು 1125 ವ್ಯಾಟ್. ಒಳ್ಳೆ ಕ್ಲಾಸ್ ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಜಾತಿಯ) ಆಂಪ್ ಅದರಲ್ಲಿ ನೂರಕ್ಕೆ 80 ಭಾಗ ಹೊರಗೆ ಕೊಟ್ಟರೂ 900. ಮೇಲೆ ಬರೆದ 3000 ಎಲ್ಲಿಂದ ಬಂತು? ಸ್ಟಿಕರ್‌ನಿಂದ ಬಂತು. 5000ದ ಸ್ಟಿಕರ್ ಇರುವ ಆಂಪ್ ನಿಜಕ್ಕೂ 1500 ಕೊಡುತ್ತೆ ಅಂತಲೇ ಇಟ್ಟುಕೊಳ್ಳೋಣ. ಶಕ್ತಿ ಎರಡು ಪಟ್ಟಾದಾಗ ಸಿಗೋದು 3 ಡೆಸಿಬಲ್ ಅಷ್ಟೇ. 900ರಿಂದ 1500ಕ್ಕೆ ಹೋದರೆ ಎರಡು ಚಿಲ್ಲರೆ. ಅದೂ ನಿನ್ನ ಬ್ಯಾಟರಿ ಅಷ್ಟು ಕರೆಂಟ್ ಕೊಟ್ಟರೆ.

ಇನ್ನು ವೈರಿಂಗ್. ಫೋಟೊದಲ್ಲಿ ನೋಡಿದರೆ ಪ್ರತಿ ವೂಫರಿನ ಎರಡೂ ಕಾಯಿಲ್ ಸೀರಿಸ್‌ನಲ್ಲಿವೆ, ಆಮೇಲೆ ಎರಡು ವೂಫರ್ ಪ್ಯಾರಲಲ್. ಅಂದ್ರೆ 8 ಮತ್ತು 8 ಸೇರಿ 4 ಓಮ್. ಈ ಜಾತಿಯ ಆಂಪ್‌ಗಳು ಪೂರ್ತಿ ಶಕ್ತಿ ಕೊಡೋದು 1 ಓಮ್‌ಗೆ. 4 ಓಮ್‌ಗೆ ಕಾಲು ಭಾಗ ಬಂದರೆ ಬಂತು. ಆಂಪಿನ ಪುಸ್ತಕದಲ್ಲಿ 1 ಓಮ್ ನಡೆಯುತ್ತೆ ಅಂತ ಇದೆಯಾ ನೋಡು. ಇದ್ದರೆ ನಾಲ್ಕೂ ಕಾಯಿಲ್ ಪ್ಯಾರಲಲ್ ಮಾಡು, 1 ಓಮ್ ಆಗುತ್ತೆ. ಇಷ್ಟಕ್ಕೇ ಗೆಳೆಯನ ಹತ್ತಿರ ಬಂದುಬಿಡ್ತೀಯ. ಖರ್ಚು ಒಂದು ಮೊಳ ವೈರ್.

ಆದರೆ ಮಲ್ಟಿಮೀಟರ್ 1 ಓಮ್ ತೋರಿಸಿತು ಅಂತ ಬಾರಿಸುವಾಗಲೂ ಅಷ್ಟೇ ಇರುತ್ತೆ ಅಂದುಕೋಬೇಡ. ವೂಫರ್ ಬಾಕ್ಸ್ ಒಳಗೆ ಕೂತು ಆಡೋಕೆ ಶುರು ಮಾಡಿದ ಕೂಡಲೇ ಓಮ್ ಏರುತ್ತೆ. ಹೋದ ವರ್ಷ ಅಂಗಡಿಗೆ ಬಂದ ಒಂದು ಗಾಡಿಯಲ್ಲಿ ಆಂಪಿನ ಹೊರವೈರಿಗೆ ಕ್ಲಾಂಪ್ ಮೀಟರ್ ಹಾಕಿ ನೋಡಿದೆ. 40 ವೋಲ್ಟ್, 15 ಆಂಪಿಯರ್. ಭಾಗಿಸಿದರೆ 2.7 ಓಮ್ ಹತ್ತಿರ. ಗುಣಿಸಿದರೆ 600 ವ್ಯಾಟ್, ನಿಜವಾಗಿ ಅದಕ್ಕೂ ಕಡಿಮೆಯೇ. ಮಾಲೀಕ ಮಾತ್ರ ಸಾವಿರ ವ್ಯಾಟ್ ಬಾರಿಸ್ತಿದ್ದೀನಿ ಅಂತ ಮೀಸೆ ತಿರುವುತ್ತಿದ್ದ. ಕಿವಿ ಮೇಲೆ ನಂಬಿಕೆ ಇಡಬೇಡ, ಮೀಟರ್ ಮೇಲೆ ಇಡು. ವೈಂಡಿಂಗ್ ಅಂಗಡಿಯಲ್ಲಿ ಅಪ್ಪ ಕಲಿಸಿದ್ದು ಇದೊಂದೇ, ಬಾಕಿ ಎಲ್ಲ ಬೈಗುಳ.

ಈಗ ಬಾಕ್ಸಿಗೆ ಬರೋಣ. ನಿನ್ನ ಆಟ ಸೋತಿರೋದು ಇಲ್ಲೇ.

ರೆಡಿಮೇಡ್ ಬಾಕ್ಸನ್ನು ಹಾಡು ಕೇಳೋಕೆ ಮಾಡಿರ್ತಾರೆ. ಅದರ ಪೋರ್ಟ್ (ಗಾಳಿ ಆಡುವ ಕೊಳವೆ) ಸಾಮಾನ್ಯವಾಗಿ 33–38 ಹರ್ಟ್ಜ್‌ಗೆ ಕೂತಿರುತ್ತೆ. ಸ್ಪರ್ಧೆಯಲ್ಲಿ ಹಾಡು ಯಾರಿಗೆ ಬೇಕು? ಒಂದೇ ಟೋನ್, ಎರಡು ಮೂರು ಸೆಕೆಂಡ್, ಆ ಹೊತ್ತಿಗೆ ಮೀಟರ್ ಎಷ್ಟು ಮೇಲೆ ಹೋಯಿತು ಅನ್ನೋದಷ್ಟೇ ಲೆಕ್ಕ. ಆ ಒಂದು ಟೋನ್ ಯಾವುದು ಅಂತ ನಿನ್ನ ಕಾರೇ ಹೇಳುತ್ತೆ. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಇಂಥ ಅಲೆ ಇನ್ನೂರಕ್ಕೂ ಜಾಸ್ತಿ ಸಾಲಾಗಿ ನಿಲ್ಲುತ್ತವೆ. ನಿನ್ನ ಸ್ವಿಫ್ಟ್‌ನಲ್ಲಿ ಒಂದೂ ಪೂರ್ತಿ ಹಿಡಿಸಲ್ಲ. ಹೊರಗೆ ಹೋಗಲಾಗದೆ ಗಾಳಿ ಒಳಗೇ ಒತ್ತಿಕೊಳ್ಳುತ್ತೆ. ಎಲ್ಲಿ ಹೆಚ್ಚು ಒತ್ತಿಕೊಳ್ಳುತ್ತೆ ಅನ್ನೋದು ಕಾರಿನ ಉದ್ದ, ಸೀಟು, ಗಾಜಿನ ಓರೆ, ಬಾಕ್ಸ್ ಇಟ್ಟ ಜಾಗ ಎಲ್ಲದರ ಮೇಲೆ ನಿಂತಿದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದು 40ರಿಂದ 60ರ ನಡುವೆ ಎಲ್ಲೋ ಸಿಗುತ್ತೆ.

ಹುಡುಕೋದು ಹೀಗೆ. 35ರಿಂದ 65 ಹರ್ಟ್ಜ್‌ವರೆಗೆ ಒಂದೊಂದೇ ಹರ್ಟ್ಜ್ ಏರಿಸುತ್ತಾ ಟೋನ್ ಬಾರಿಸು. ವಾಲ್ಯೂಮ್ ಕಡಿಮೆ ಇರಲಿ. ಮೀಟರ್ ಮುಂದಿನ ಗಾಜಿನ ಹತ್ತಿರ, ಸ್ಪರ್ಧೆಯಲ್ಲಿ ಸೆನ್ಸರ್ ಇಡುವ ಜಾಗದಲ್ಲೇ ಇರಲಿ. ಬಾಗಿಲು, ಗಾಜು ಎಲ್ಲ ಮುಚ್ಚಿರಲಿ. ಪ್ರತಿ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರಿ. ಫೋನಿನ ಆ್ಯಪ್ ಬೇಡ. ಫೋನಿನ ಮೈಕ್ ಮಾತಿಗೆ ಮಾಡಿದ್ದು, ಕೆಳಗಿನ ಸ್ವರ ಬಂದರೆ ಸುಳ್ಳು ಹೇಳುತ್ತೆ. ಸ್ಪರ್ಧೆಗಳಲ್ಲಿ ಬಳಸುವ ಟರ್ಮ್‌ಲ್ಯಾಬ್ ಥರದ ಮೀಟರ್ ಕೊಳ್ಳೋದು ಎಲ್ಲರ ಕೈಲಿ ಆಗಲ್ಲ. ಯಾರ ಹತ್ತಿರ ಇದೆ ನೋಡಿ ಒಂದು ಭಾನುವಾರ ಎರವಲು ಕೇಳು.

ಟೋನ್ ಸಿಕ್ಕಿತು. ಈಗ ಬಾಕ್ಸನ್ನು ಅದರ ಹತ್ತಿರಕ್ಕೆ ತರಬೇಕು. ನಳಕ್ಕೆ ನೀರು ಬಂದ ದಿನ ಕೊಡ ತುಂಬುವ ಸದ್ದು ಕೇಳಿದ್ದೀಯಲ್ಲ? ಮೊದಲು ಬೊಂವ್ ಅನ್ನುತ್ತೆ, ತುಂಬುತ್ತಾ ಹೋದ ಹಾಗೆ ಸ್ವರ ಏರುತ್ತೆ. ಒಳಗಿನ ಗಾಳಿ ಕಡಿಮೆ ಆದರೆ ಸ್ವರ ಮೇಲೆ. ಕುತ್ತಿಗೆ ಉದ್ದ ಆದರೆ ಸ್ವರ ಕೆಳಗೆ. ಬಾಕ್ಸ್ ಅಂದ್ರೆ ಕೊಡ, ಪೋರ್ಟ್ ಅಂದ್ರೆ ಕುತ್ತಿಗೆ. ಪೋರ್ಟನ್ನು ಗಿಡ್ಡ ಮಾಡಿದರೆ ಟ್ಯೂನಿಂಗ್, ಅಂದ್ರೆ ಬಾಕ್ಸಿನ ಸ್ವಂತ ಸ್ವರ, ಏರುತ್ತೆ.

2014ರಲ್ಲಿ ನನ್ನ ಓಮ್ನಿಗೆ 85 ಲೀಟರಿನ ಬಾಕ್ಸ್ ಮಾಡಿದ್ದೆ. ಪೋರ್ಟಿನ ಬಾಯಿ 30 ಸೆಂ.ಮೀ. ಅಗಲ, ಏಳೂವರೆ ಎತ್ತರ. ಉದ್ದ 50 ಸೆಂ.ಮೀ. ಇದ್ದಾಗ ಟ್ಯೂನಿಂಗ್ ಸುಮಾರು 36 ಹರ್ಟ್ಜ್. ಗೊತ್ತಾಗಿದ್ದು ಹೇಗೆ ಅಂತೀಯಾ? ಚುರುಮುರಿಯಿಂದ. ಬಾಕ್ಸನ್ನು ಅಂಗಾತ ಮಲಗಿಸಿ ಕೋನ್ (ವೂಫರಿನ ಅಲುಗಾಡುವ ಮುಖ) ಮೇಲೆ ನಾಲ್ಕು ಕಾಳು ಚುರುಮುರಿ ಹಾಕಿ, ಮೆಲ್ಲಗೆ ಟೋನ್ ಬಾರಿಸಿ ನೋಡು. 30ಕ್ಕೆ ಕುಣಿಯುತ್ತವೆ, 45ಕ್ಕೆ ಕುಣಿಯುತ್ತವೆ. ನಡುವೆ ಒಂದು ಕಡೆ ಸುಮ್ನೆ ಕೂತುಬಿಡುತ್ತವೆ, ಅದೇ ಹೊತ್ತಿಗೆ ಪೋರ್ಟಿನ ಬಾಯಿಂದ ಗಾಳಿ ಜೋರಾಗಿ ಬರುತ್ತೆ. ಬಾಕ್ಸಿನ ಟ್ಯೂನಿಂಗ್ ಅದೇ. ಅಲ್ಲಿ ಕೆಲಸ ಎಲ್ಲ ಪೋರ್ಟೇ ಮಾಡುತ್ತೆ, ಕೋನ್ ಹೆಚ್ಚೂ ಕಡಿಮೆ ನಿಂತೇ ಇರುತ್ತೆ. ನಮ್ಮ ಹುಡುಗ ಆಮೇಲೆ ಆ ಚುರುಮುರಿಯನ್ನು ಬಾಯಿಗೆ ಹಾಕಿಕೊಂಡ, ಅದು ಬೇರೆ ಮಾತು.

ಅಲ್ಲಿಂದ ಗರಗಸ ಹಿಡಿದೆ. 50ರಿಂದ 40, 40ರಿಂದ 31. ಪೋರ್ಟ್ 31ಕ್ಕೆ ಬಂದಾಗ ಚುರುಮುರಿ 43ಕ್ಕೆ ಕೂತವು. ಮೀಟರ್ ಎಲ್ಲಕ್ಕಿಂತ ಜಾಸ್ತಿ ತೋರಿಸಿದ್ದು 46ರ ಟೋನಿಗೆ. ಹೀಗೆ ಎರಡು ಮೂರು ಹರ್ಟ್ಜ್ ಮೇಲೆ ತುದಿ ಬರೋದು ಮಾಮೂಲು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆಸೆ ಬಿಡಲಿಲ್ಲ. 25ಕ್ಕೆ ಕತ್ತರಿಸಿದೆ, ಮೀಟರ್ 0.8 ಕೆಳಗಿಳಿಯಿತು. ಕತ್ತರಿಸಿದ ಆರು ಸೆಂ.ಮೀ. ಪಟ್ಟಿಯನ್ನು ಕಸದಿಂದ ಹುಡುಕಿ, ಫೆವಿಕಾಲ್ ಹಾಕಿ, ರಾತ್ರಿಯಿಡೀ ಕ್ಲಾಂಪ್ ಬಿಗಿದು ಕೂತಿದ್ದೆ. ಹಾಗಾಗಿ ಪೋರ್ಟಿನ ಪಟ್ಟಿಯನ್ನು ಮೊದಲು ಸ್ಕ್ರೂ ಹಾಕಿ ಇಡು, ಕೊನೆಗೆ ಅಂಟು.

ಪೋರ್ಟಿನ ಬಾಯಿ ಸಣ್ಣದಾದರೆ ಗಾಳಿ ಫುಸ್ ಫುಸ್ ಅನ್ನುತ್ತೆ, ಡೆಸಿಬಲ್ ಅಲ್ಲೇ ಸೋರುತ್ತೆ. ಬಾಕ್ಸಿನ ಪ್ರತಿ ಘನ ಅಡಿಗೆ 12ರಿಂದ 16 ಚದರ ಇಂಚು ಬಾಯಿ ಕೊಡು. ನನ್ನ ಆ ಬಾಕ್ಸಿನದು 12ಕ್ಕೂ ಕೊಂಚ ಕಡಿಮೆ ಇತ್ತು, ಫುಸ್ ಅಂತಲೂ ಇತ್ತು. 18 ಮಿ.ಮೀ. ಎಂಡಿಎಫ್ ಹಲಗೆ ಸಾಕು, ಬರ್ಚ್ ಪ್ಲೈ ಸಿಕ್ಕರೆ ಇನ್ನೂ ಒಳ್ಳೇದು. ಒಳಗೆ ಅಡ್ಡಪಟ್ಟಿ ಹಾಕಲೇಬೇಕು. ಬಾಕ್ಸಿನ ಗೋಡೆಯ ಮೇಲೆ ಕೈ ಇಟ್ಟಾಗ ನಡುಗಿದರೆ ಆ ನಡುಗೋದೆಲ್ಲ ನಿನ್ನ ಡೆಸಿಬಲ್ಲೇ. ಸೋರಿಕೆ ನೋಡೋಕೆ ಊದಿನಕಡ್ಡಿ ಹಚ್ಚಿ, ಟೋನ್ ಬಾರಿಸುತ್ತಾ ಪ್ರತಿ ಜೋಡಣೆಯ ಹತ್ತಿರ ಹಿಡಿ. ಹೊಗೆ ಒಂದು ಕಡೆ ತಟ್ಟಂತ ಹಾರಿದರೆ ಅಲ್ಲಿ ತೂತಿದೆ. ಹತ್ತರಲ್ಲಿ ಏಳು ಸಲ ಅದು ವೈರ್ ಕೊಡುವ ಪ್ಲಾಸ್ಟಿಕ್ ಟರ್ಮಿನಲ್ಲಿನ ಸುತ್ತಲೇ ಇರುತ್ತೆ.

ಕೊನೆಗೆ ಕರೆಂಟು. ಟೋನ್ ಬಾರಿಸುವಾಗ ಆಂಪಿನ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಟ್ಟು ನೋಡು. ಇಂಜಿನ್ ಚಾಲೂ ಇದ್ದಾಗ 14ರ ಮೇಲಿದ್ದದ್ದು 11ಕ್ಕೆ ಬಿದ್ದರೆ ಯಾವ ಆಂಪ್ ತಂದರೂ ಅಷ್ಟೇ. ಮೂರು ವೈರ್ ದಪ್ಪ ಮಾಡು: ಆಲ್ಟರ್ನೇಟರ್‌ನಿಂದ (ನಮ್ಮ ಕಡೆ ಡೈನಮೊ ಅಂತಾರಲ್ಲ) ಬ್ಯಾಟರಿ ಪ್ಲಸ್‌ಗೆ, ಬ್ಯಾಟರಿ ಮೈನಸ್‌ನಿಂದ ಬಾಡಿಗೆ, ಇಂಜಿನ್‌ನಿಂದ ಬಾಡಿಗೆ. ಸೊನ್ನೆ ಗೇಜ್ ಅಂದ್ರೆ ಸುಮಾರು 53 ಚದರ ಮಿ.ಮೀ. 50ರ ತಾಮ್ರದ ವೆಲ್ಡಿಂಗ್ ಕೇಬಲ್ ಧಾರಾಳವಾಗಿ ನಡೆಯುತ್ತೆ. ಅಗ್ಗದ ಕಿಟ್‌ಗಳಲ್ಲಿ ಬರೋದು ಮೇಲೆ ತಾಮ್ರ ಬಳಿದ ಅಲ್ಯೂಮಿನಿಯಂ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡು, ಒಳಗೆ ಬೆಳ್ಳಗಿದ್ದರೆ ಅಂಗಡಿಯವನಿಗೇ ವಾಪಸ್ ಕೊಡು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಮೇನ್ ಫ್ಯೂಸ್ ಇರಲೇಬೇಕು. ಅರ್ಥ್ ವೈರ್ ಹಾಕುವ ಕಡೆ ಪೇಂಟ್ ಕೆರೆದು ಕಬ್ಬಿಣ ಕಾಣಿಸು.

ಇಷ್ಟೆಲ್ಲ ಮಾಡಿ ಆಂಪ್ ಸಾಲದೆ ಬಂದರೆ ಬರಿ, ಆಗ ಹೊಸದರ ಮಾತಾಡೋಣ.

ಪ್ರಶ್ನೆ: ಗೇನ್ ಪೂರ್ತಿ ತಿರುವಿದರೆ ಜೋರು ಬರುತ್ತೆ ಅಂತ ಪೂರ್ತಿ ಇಟ್ಟಿದ್ದೆ. ಎರಡೇ ವಾರಕ್ಕೆ ವೂಫರ್ ಸುಟ್ಟಿತು. ಕಂಪನಿ ಮಾಲೇ ಸರಿ ಇಲ್ಲ ಅಲ್ವಾ?
– ಓದುಗ, ಗದಗ

ಉತ್ತರ: ಕಂಪನಿಯನ್ನು ಬೈಯಬೇಡಿ. ಗೇನ್ ಅಂದ್ರೆ ವಾಲ್ಯೂಮ್ ಅಲ್ಲ, ಸ್ಟೀರಿಯೊ ಕಳಿಸುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಮಿತಿ ಮೀರಿ ತಿರುವಿದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆ ಆಗುತ್ತೆ. ಶಕ್ತಿ ಮಿತಿ ಮೀರಿ ಏರುತ್ತೆ, ಕಾಯಿಲ್ ತಣ್ಣಗಾಗೋಕೆ ಬಿಡುವೇ ಸಿಗಲ್ಲ.

ಸರಿಯಾಗಿ ಇಡೋದು ಸುಲಭ. ಆಂಪಿನ ನಿಜವಾದ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 900 ವ್ಯಾಟ್, 1 ಓಮ್ ಇದ್ದರೆ 30 ವೋಲ್ಟ್. ವೂಫರ್ ವೈರ್ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟೀರಿಯೊ ಮುಕ್ಕಾಲು ವಾಲ್ಯೂಮ್‌ಗೆ ಇಟ್ಟು 40 ಹರ್ಟ್ಜ್ ಟೋನ್ ಬಾರಿಸಿ. ಮಲ್ಟಿಮೀಟರ್ ಏಸಿ ವೋಲ್ಟ್‌ನಲ್ಲಿರಲಿ. ಗೇನ್ ಮೆಲ್ಲಗೆ ತಿರುವುತ್ತಾ 30 ಬಂದಲ್ಲಿ ನಿಲ್ಲಿಸಿ, ಮಾರ್ಕರ್‌ನಿಂದ ಗೆರೆ ಎಳೆಯಿರಿ. ಪೋರ್ಟ್ ಬಾಕ್ಸ್ ಆದರೆ ಸಬ್‌ಸಾನಿಕ್ ಫಿಲ್ಟರನ್ನು (ತೀರಾ ಕೆಳಗಿನ ಸ್ವರ ತಡೆಯೋದು) ಟ್ಯೂನಿಂಗ್‌ಗಿಂತ ನಾಲ್ಕೈದು ಹರ್ಟ್ಜ್ ಕೆಳಗಿಡಿ. ಅದಕ್ಕೂ ಕೆಳಗಿನ ಸ್ವರಕ್ಕೆ ಕೋನನ್ನು ಹಿಡಿಯೋಕೆ ಗಾಳಿ ಇರಲ್ಲ, ಸುಮ್ನೆ ಒದ್ದಾಡಿ ಹರಿದುಕೊಳ್ಳುತ್ತೆ.

ವಾಸನೆಯ ಬಗ್ಗೆ ಎಚ್ಚರ ಇರಲಿ. ಕಾಯಿಲ್ ಬಿಸಿಯಾದಾಗ ಬರುವ ಆ ಸಿಹಿಸಿಹಿ ವಾರ್ನಿಷ್ ನಾತ ನನಗೆ ಹುಟ್ಟಿದಾಗಿನಿಂದ ಪರಿಚಯ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ರೈತರ ಮೋಟರ್ ಸುಟ್ಟು ಬರುತ್ತಿದ್ದಾಗ ಅಂಗಡಿ ತುಂಬ ಅದೇ ನಾತ. ಮೂಗಿಗೆ ಅದು ಬಡಿದ ಕೂಡಲೇ ನಿಲ್ಲಿಸಿದರೆ ವೂಫರ್ ಉಳಿಯಬಹುದು. ಇನ್ನೊಂದು ಸಲ ನೋಡೋಣ ಅಂದರೆ ಉಳಿಯಲ್ಲ.

ಪ್ರಶ್ನೆ: ವೂಫರ್ ಮುಖ ಹಿಂದಕ್ಕಿರಬೇಕೋ, ಮುಂದಕ್ಕೋ, ಮೇಲಕ್ಕೋ?
– ಓದುಗ, ನವನಗರ, ಹುಬ್ಬಳ್ಳಿ

ಉತ್ತರ: ಡಿಕ್ಕಿ ಒಳಗೇ ಬರುವ ಸಣ್ಣ ಕಾರುಗಳಲ್ಲಿ ವೂಫರ್, ಪೋರ್ಟ್ ಎರಡೂ ಹಿಂದಕ್ಕೆ ಮುಖ ಮಾಡಿದರೆ ಜಾಸ್ತಿ ಬರೋದನ್ನು ಬಹಳ ಸಲ ನೋಡಿದ್ದೀನಿ. ಆದರೆ ಆಣೆ ಹಾಕಲ್ಲ. ಬಾಕ್ಸ್ ತಿರುಗಿಸಿ, ಹಿಂದಿನ ಬಾಗಿಲಿನಿಂದ ಐದೈದು ಸೆಂ.ಮೀ. ಸರಿಸಿ, ಪ್ರತಿ ಸಲ ಅಳೆಯಿರಿ. ಹಿಂದಿನ ಸೀಟು ಮಡಚಿ ಒಮ್ಮೆ, ಎತ್ತಿ ಒಮ್ಮೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯ್ತು ಅಂತ ಆ ಭಗವಂತನಿಗೂ ಗೊತ್ತಾಗಲ್ಲ. ಚಾವಣಿ, ಬಾಗಿಲು ಉಬ್ಬಿ ತಗ್ಗುವುದೂ ನಷ್ಟವೇ. ಅಮೆರಿಕದ ಡಿಬಿ ಡ್ರ್ಯಾಗ್ ರೇಸಿಂಗ್‌ನಂಥ ಸ್ಪರ್ಧೆಗಳಲ್ಲಿ 180 ಡೆಸಿಬಲ್ ದಾಟಿದ ಗಾಡಿಗಳಿವೆ. ಆ ಮಟ್ಟದವರು ಬಾಗಿಲಿಗೆ ಬೋಲ್ಟ್ ಬಿಗಿದು, ಒಳಗೆ ಕಾಂಕ್ರೀಟ್ ಸುರಿದಿರ್ತಾರೆ. ಅವು ಓಡಿಸುವ ಗಾಡಿಗಳಲ್ಲ ಬಿಡಿ. ನಾಳೆ ಹೆಂಡತಿಯನ್ನು ಕೂರಿಸಿಕೊಂಡು ಜಾತ್ರೆಗೆ ಹೋಗಬೇಕಾದವರು ಚಾವಣಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಸಾಕು.

ಪ್ರಶ್ನೆ: ನಮ್ಮ ಟ್ರ್ಯಾಕ್ಟರ್‌ಗೆ ಕಾರಿನ 12 ಇಂಚಿನ ವೂಫರ್ ನಾಲ್ಕು ಹಾಕಿಸಿದ್ದೀವಿ. ಹೋರಿ ಹಬ್ಬಕ್ಕೆ ಒಯ್ದರೆ ಸದ್ದೇ ಇಲ್ಲ. ಅವೇ ವೂಫರ್ ತಮ್ಮನ ಕಾರಿನಲ್ಲಿದ್ದಾಗ ಎದೆ ಅದುರುತ್ತಿತ್ತು. ಯಾಕೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಯಜಮಾನರ, ಕಾರಿಗೆ ಗೋಡೆ ಇದೆ, ಟ್ರ್ಯಾಕ್ಟರ್‌ಗೆ ಆಕಾಶ ಇದೆ. ಕಾರಿನಲ್ಲಿ ಮುಚ್ಚಿದ ಗಾಳಿ ಬೇಸನ್ನು ಎತ್ತಿ ಕೊಡುತ್ತೆ. ಬಯಲಿನಲ್ಲಿ ಆ ಪುಕ್ಕಟೆ ಸಹಾಯ ಇಲ್ಲ, ಮೇಲಾಗಿ ದೂರ ಎರಡು ಪಟ್ಟಾದ ಹಾಗೆಲ್ಲ 6 ಡೆಸಿಬಲ್ ಇಳಿಯುತ್ತೆ.

ಕಾರಿನ ವೂಫರ್ ಭಾರದ ಕೋನಿನದು, 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86–88 ಡೆಸಿಬಲ್. ಪೆಂಡಾಲಿನವರು ಬಳಸುವ ಪಿಎ ವೂಫರ್ ಹಗುರ, ಅದೇ ಒಂದು ವ್ಯಾಟಿಗೆ 96–98. ಆ 10 ಡೆಸಿಬಲ್ ತುಂಬಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಸಾಮಾನ್ಯವಾಗಿ 40 ಆಂಪಿಯರ್ ಆಸುಪಾಸು, ಎಲ್ಲಿಂದ ತರ್ತೀರಿ? ಆ ನಾಲ್ಕನ್ನು ತಮ್ಮನಿಗೇ ವಾಪಸ್ ಕೊಡಿ. ಎರಡು ಪಿಎ ವೂಫರ್ ತಂದು ಅಕ್ಕಪಕ್ಕ, ನೆಲಕ್ಕೆ ಹತ್ತಿರ ಇಡಿ. ಒಂದು ಕೋರಿಕೆ: ಹೋರಿ ಬಿಡುವ ದಾರಿಯ ಕಡೆ ಮುಖ ಮಾಡಿ ಬಾರಿಸಬೇಡಿ. ಕೊಬ್ಬರಿ ಹಾರ ಹಾಕಿಸಿಕೊಂಡು ಬಂದ ಹೋರಿ ಮೊದಲೇ ಬೆದರಿರುತ್ತೆ.

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಸ್ಪರ್ಧೆ, ಸ್ಪರ್ಧೆ ಅಂತ ಕಾರಿನಲ್ಲೇ ಕೂತಿರ್ತಾನೆ. ಈಗ ರಾತ್ರಿ ಮಲಗಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತೆ ಅಂತಾನೆ. ಬೇಸ್‌ನಿಂದ ಕಿವಿಗೆ ಏನೂ ಆಗಲ್ಲ ಅಂತ ವಾದ ಬೇರೆ. ನೀವಾದರೂ ಹೇಳಿ.
– ತಾಯಿ, ಧಾರವಾಡ

ಉತ್ತರ: ಅಕ್ಕಾರ, ಅವನ ವಾದದಲ್ಲಿ ಒಂದು ಚೂರು ಸತ್ಯ ಇದೆ. ಕೆಳಗಿನ ಸ್ವರಕ್ಕೆ ನಮ್ಮ ಕಿವಿ ಮಂದ. 50 ಹರ್ಟ್ಜ್‌ನ 140 ಡೆಸಿಬಲ್ಲನ್ನು ಕಿವಿಯ ಲೆಕ್ಕಕ್ಕೆ ತಂದರೆ ಸುಮಾರು 30 ಕಳೆಯಬೇಕು. 110 ಉಳಿಯಿತು. ಅಮೆರಿಕದ ನಿಯಾಶ್ ಅನ್ನೋ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು, ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧ. ಹಾಗೆ ಇಳಿಸುತ್ತಾ ಬಂದರೆ 100ಕ್ಕೆ ಕಾಲು ಗಂಟೆ, 110ಕ್ಕೆ ಒಂದೂವರೆ ನಿಮಿಷ. ನಿಮ್ಮ ಮಗ ಎಷ್ಟು ಹೊತ್ತು ಕೂತಿರ್ತಾನೆ ಕೇಳಿ.

ನನ್ನ ಎಡಗಿವಿಯಲ್ಲಿ 2009ರಿಂದ ಗುಂಯ್ ನಿಂತಿಲ್ಲ. ಫ್ಯಾನ್ ಹಾಕದೆ ನಿದ್ದೆ ಬರಲ್ಲ, ಚಳಿಗಾಲದಲ್ಲೂ. ಇಯರ್‌ಪ್ಲಗ್ ಇಲ್ಲದೆ ಟೋನ್ ಹಾಕಿ ಹಾಕಿ ಆದ ಕಥೆ ಇದು. ಸ್ಪರ್ಧೆಯಲ್ಲಿ ಅಳೆಯುವಾಗ ಕಾರಿನೊಳಗೆ ಯಾರೂ ಕೂರಬೇಕಿಲ್ಲ. ಮೀಟರ್ ಒಳಗೆ, ಮನುಷ್ಯ ಹೊರಗೆ. ಮನೆಯಲ್ಲೂ ಅವನು ಹಾಗೇ ಮಾಡಲಿ, ಹೊರಗೂ ಪ್ಲಗ್ ಇರಲಿ. ಈ ವಾರವೇ ಕಿವಿ ಡಾಕ್ಟರ ಹತ್ತಿರ ಕರೆದೊಯ್ದು ಆಡಿಯೊಮೆಟ್ರಿ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ. ನನ್ನ ಎಡಗಿವಿಯ ಸುದ್ದಿ ಹೇಳಿ ಕರೆದೊಯ್ಯಿರಿ, ಬಂದಾನು.

ಪ್ರಶ್ನೆ: ರಾತ್ರಿ 11ಕ್ಕೆ ಮನೆ ಮುಂದೆ ಟ್ಯೂನ್ ಮಾಡ್ತಿದ್ದೆ. ಓಣಿಯವರು ಪೊಲೀಸರಿಗೆ ಫೋನ್ ಮಾಡಿದರು. ಗಾಡಿ ನಂದು, ಜಾಗ ನಂದು, ತಪ್ಪೇನು?
– ಓದುಗ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಸದ್ದು ಓಣಿಯದು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ನಾನು ಟ್ಯೂನ್ ಮಾಡೋದು ಭಾನುವಾರ ಹಗಲು, ತಾರಿಹಾಳ ಕಡೆ, ಕಾರ್ಖಾನೆಗಳಿಗೆ ರಜೆ ಇದ್ದಾಗ. ಚಹಾ ಫ್ಲಾಸ್ಕ್ ಒಯ್ಯಿರಿ, ಅಲ್ಲಿ ಭಾನುವಾರ ಅಂಗಡಿ ತೆರೆದಿರಲ್ಲ.

ಪ್ರಶ್ನೆ: ಬೇಸ್ ಹೊಡೆದಾಗ ಹಿಂದೆ ಏನೋ ಗಡಗಡ ಅನ್ನುತ್ತೆ. ಡಿಕ್ಕಿ ಬಿಚ್ಚಿಸಿ ನೋಡಿದೆ, ಬಂಪರ್ ಬಿಗಿಸಿದೆ, 1800 ರೂಪಾಯಿ ಹೋಯ್ತು, ಸದ್ದು ಹೋಗಲಿಲ್ಲ.
– ಓದುಗ, ಲಕ್ಷ್ಮೇಶ್ವರ, ಗದಗ ಜಿಲ್ಲೆ

ಉತ್ತರ: ನಂಬರ್ ಪ್ಲೇಟ್ ಒಮ್ಮೆ ಕೈಯಲ್ಲಿ ಒತ್ತಿ ಹಿಡಿದು ಬಾರಿಸಿ ನೋಡಿ. ನಿಂತರೆ ಪ್ಲೇಟಿನ ಹಿಂದೆ ನಾಲ್ಕು ಮೂಲೆಗೆ ಫೋಮ್ ಟೇಪ್ ಅಂಟಿಸಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ.